ಲಸಿಕೆ ಹಾಕಿಸಿದ ಕಡಸಿಗೂ ‘ಪಾಸಿಟಿವ್’ ಬರುವುದೇಕೆ?

“ಕರು ಇದ್ದಾಗ್ಲೇ ಕಂದು ರೋಗದ ಸೂಜಿ ಹಾಕ್ಸಿದ್ವಿ ಸಾರ್. ಈಗ ರಕ್ತ ನೋಡಿ ಅದೇ ರೋಗ ಐತೆ ಅಂತೀರಲ್ಲ, ಹಂಗಾದ್ರೆ ಸೂಜಿಯಿಂದ್ಲೇ ಬಂತಾ?”

ಕಡೂರು, ತರೀಕೆರೆ, ಅಜ್ಜಂಪುರ ಕಡೆಯ ಪಶು ಆಸ್ಪತ್ರೆಗಳಲ್ಲಿ ದನ ಸಾಕುವವರು ಕೇಳುವ ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ರೈತ ಕೇಳುವುದು ಲಸಿಕೆಯ ಬಗ್ಗೆ. ಉತ್ತರ ಅಡಗಿರುವುದು ಮಾತ್ರ ಬ್ಯಾಕ್ಟೀರಿಯಾದ ಮೈಮೇಲಿನ ಸಕ್ಕರೆಯಲ್ಲಿ. ಹೌದು, ಸಕ್ಕರೆಯಲ್ಲೇ. ಅಡುಗೆ ಮನೆಯ ಡಬ್ಬದಲ್ಲಿರುವುದಲ್ಲ. ಕಂದು ರೋಗ ತರುವ ಬ್ರೂಸೆಲ್ಲಾ ಎಂಬ ಸೂಕ್ಷ್ಮಜೀವಿ ತನ್ನ ಒಡಲೊಳಗೆ ತಾನೇ ತಯಾರಿಸಿ, ಸರಪಳಿ ಮಾಡಿ, ಮೈತುಂಬ ಹೊದ್ದುಕೊಳ್ಳುವ ಒಂದು ಅಪರೂಪದ ಸಕ್ಕರೆ.

ಕಂದು ರೋಗವೆಂದರೆ ದನ ಕಂದು ಹಾಕುವ ರೋಗ. ಐದು ತಿಂಗಳು ದಾಟಿ, ಇನ್ನೇನು ಕೆಚ್ಚಲು ಬಿಡುತ್ತದೆ ಎಂದು ಮನೆಯವರು ಕಾಯುತ್ತಿರುವಾಗ ಗಬ್ಬದ ಹಸು ಕರುವನ್ನು ಕಳೆದುಕೊಳ್ಳುತ್ತದೆ. ಅನೇಕ ಸಲ ಕಸವೂ ಸರಿಯಾಗಿ ಬೀಳುವುದಿಲ್ಲ. ಮುಂದಿನ ಬಾರಿ ಗಬ್ಬ ಕಟ್ಟಲು ತಡವಾಗುತ್ತದೆ, ಹಾಲು ಇಳಿಯುತ್ತದೆ. ಹೆಚ್ಚಿನ ಹಸುಗಳು ಒಮ್ಮೆ ಕಂದು ಹಾಕಿದ ಮೇಲೆ ಮುಂದೆ ದಿನ ತುಂಬಿ ಕರು ಹಾಕುತ್ತವೆ. ಅದನ್ನು ಕಂಡು ರೋಗ ವಾಸಿಯಾಯಿತೆಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ. ರೋಗಾಣು ಕೆಚ್ಚಲಿನಲ್ಲಿ, ದುಗ್ಧಗ್ರಂಥಿಗಳಲ್ಲಿ ಹಾಗೆಯೇ ಉಳಿದು, ಮುಂದಿನ ಈಯುವಿಕೆಯಲ್ಲಿ ಮತ್ತೆ ಹೊರಬೀಳುತ್ತಿರುತ್ತದೆ.

ಈ ಮೂರು ತಾಲ್ಲೂಕುಗಳಲ್ಲಿ ದನ ಸಾಕುವ ರೀತಿ ಒಂದೇ ತೆರನಾಗಿಲ್ಲ. ಭದ್ರಾ ನಾಲೆಯ ನೀರು ಕಂಡ ತರೀಕೆರೆಯ ಕಡೆ ತೋಟದ ಅಂಚಿನ ಕೊಟ್ಟಿಗೆಗಳಲ್ಲಿ ಮಿಶ್ರತಳಿ ಹಸುಗಳಿವೆ. ಹಾಲು ಡೇರಿಗೆ, ಅಲ್ಲಿಂದ ಹಾಸನ ಹಾಲು ಒಕ್ಕೂಟಕ್ಕೆ ಹೋಗುತ್ತದೆ. ಕಡೂರಿನ ಬಯಲು ಸೀಮೆಯಲ್ಲಿ ಕುರಿ ಮಂದೆಗಳು ಹೆಚ್ಚು. ಅಜ್ಜಂಪುರ, ಬೀರೂರು, ಬಾಸೂರು, ಲಿಂಗದಹಳ್ಳಿಯ ಸುತ್ತ ಅಮೃತ ಮಹಲ್ ಕಾವಲುಗಳಿವೆ. ಮೈಸೂರು ಅರಸರ ಕಾಲದ ಬೆಣ್ಣೆ ಚಾವಡಿಗೆ ಟಿಪ್ಪು ಅಮೃತ ಮಹಲ್ ಎಂದು ಹೆಸರಿಟ್ಟ ಮೇಲೂ ಆ ದನಗಳ ಸ್ವಭಾವ ಬದಲಾಗಲಿಲ್ಲ. ಇಂದಿಗೂ ಅವು ಕಾವಲಿನಲ್ಲಿ ಹಿಂಡಾಗಿ ಮೇಯುತ್ತವೆ, ಅಪರಿಚಿತರನ್ನು ಹತ್ತಿರ ಸೇರಿಸುವುದಿಲ್ಲ. ಬಾಸೂರು ಕಾವಲಿನಲ್ಲಂತೂ ಕೃಷ್ಣಮೃಗಗಳೂ ಜೊತೆಗಿವೆ. ಅದು 2011ರಲ್ಲಿ ಸಂರಕ್ಷಿತ ಮೀಸಲು ಎಂದು ಘೋಷಿತವಾದ ಜಾಗ. ಯಾವುದೇ ಬಯಲಿನಲ್ಲಿ ಸೋಂಕು ತಗುಲಿದ ಒಂದು ದನ ಕಂದು ಹಾಕಿತೆನ್ನಿ. ಉಳಿದವು ಬಂದು ಮೂಸುತ್ತವೆ, ನೆಕ್ಕುತ್ತವೆ, ಅದೇ ಹುಲ್ಲು ಮೇಯುತ್ತವೆ. ಇಷ್ಟು ಸಾಕು. ಬಿರುಬಿಸಿಲಿಗೆ ಬ್ರೂಸೆಲ್ಲಾ ಬೇಗ ಸಾಯುತ್ತದೆಯಾದರೂ ನೆರಳಿನ ತೇವದಲ್ಲಿ, ಬಿದ್ದ ಕಸದಲ್ಲಿ ವಾರಗಟ್ಟಲೆ ಬದುಕಿರಬಲ್ಲದು.

ಮನುಷ್ಯನಿಗೂ ಇದು ಹತ್ತುತ್ತದೆ. 1887ರಲ್ಲಿ ಬ್ರಿಟಿಷ್ ಸೇನಾ ವೈದ್ಯ ಡೇವಿಡ್ ಬ್ರೂಸ್ ಮಾಲ್ಟಾ ದ್ವೀಪದಲ್ಲಿ ಜ್ವರದಿಂದ ಸತ್ತ ಸೈನಿಕರ ಗುಲ್ಮದಲ್ಲಿ ಈ ಜೀವಿಯನ್ನು ಕಂಡರು. 1897ರಲ್ಲಿ ಡೆನ್ಮಾರ್ಕಿನ ಬರ್ನ್‌ಹಾರ್ಡ್ ಬಾಂಗ್ ಕಂದು ಹಾಕಿದ ಹಸುಗಳಲ್ಲಿ ಇನ್ನೊಂದನ್ನು ಕಂಡರು. 1905ರಲ್ಲಿ ಥೆಮಿಸ್ಟೊಕ್ಲಿಸ್ ಝಾಮಿತ್, ಮಾಲ್ಟಾದ ಜ್ವರ ಮೇಕೆಗಳಿಂದ ಬರುತ್ತಿದೆ ಎಂಬುದನ್ನು ಪತ್ತೆ ಮಾಡಿದರು. ಇಷ್ಟಾದರೂ ಹಸುವಿನದೂ ಮೇಕೆಯದೂ ಹತ್ತಿರದ ನೆಂಟರೆಂದು ಯಾರಿಗೂ ಹೊಳೆದಿರಲಿಲ್ಲ. ಅದನ್ನು 1918ರಲ್ಲಿ ಹೇಳಿದವರು ಅಮೆರಿಕದ ಆಲಿಸ್ ಇವಾನ್ಸ್. ಹಸಿ ಹಾಲು ಅಪಾಯವೆಂದ ಆ ಹೆಣ್ಣುಮಗಳ ಮಾತನ್ನು ಆ ಕಾಲದ ದೊಡ್ಡವರು ಸುಲಭಕ್ಕೆ ಒಪ್ಪಲಿಲ್ಲ. ಪ್ರಯೋಗಾಲಯದಲ್ಲಿ ಅದೇ ರೋಗ ತಗುಲಿಸಿಕೊಂಡು ಅವರು ವರ್ಷಗಟ್ಟಲೆ ನರಳಿದರು.

ಇನ್ನು ಪರೀಕ್ಷೆಗೆ ಬರೋಣ. ತಾಲ್ಲೂಕು ಮಟ್ಟದಲ್ಲಿ ಹೆಚ್ಚಾಗಿ ಮಾಡುವುದು ರೋಸ್ ಬೆಂಗಾಲ್ ಪರೀಕ್ಷೆ. ಬ್ರೂಸೆಲ್ಲಾವನ್ನು ಕೊಂದು, ಗುಲಾಬಿ ಬಣ್ಣ ಹಾಕಿ, ಹುಳಿ ದ್ರಾವಣದಲ್ಲಿ ತೇಲಿಸಿದ ಮಿಶ್ರಣವೊಂದು ಬಾಟಲಿಯಲ್ಲಿ ಸಿದ್ಧವಾಗಿರುತ್ತದೆ. ಗಾಜಿನ ಪಟ್ಟಿಯ ಮೇಲೆ ಅದರ ಒಂದು ಹನಿ, ಹಸುವಿನ ರಕ್ತದ ಸೀರಂ ಒಂದು ಹನಿ. ಕಲಸಿ ನಾಲ್ಕು ನಿಮಿಷ ಅಲ್ಲಾಡಿಸಿದರೆ ಆಯಿತು. ಸೀರಂನಲ್ಲಿ ಪ್ರತಿಕಾಯಗಳಿದ್ದರೆ ಗುಲಾಬಿ ಕಣಗಳು ಒಂದಕ್ಕೊಂದು ಅಂಟಿ ಗಂಟುಗಂಟಾಗುತ್ತವೆ, ಇಲ್ಲದಿದ್ದರೆ ಹನಿ ಒಂದೇ ಸಮನೆ ಉಳಿಯುತ್ತದೆ. ಹಾಲಿನಲ್ಲೂ ಹೀಗೆ ನೋಡಬಹುದು: ಬಣ್ಣ ಹಾಕಿದ ಬ್ರೂಸೆಲ್ಲಾವನ್ನು ಹಾಲಿಗೆ ಬೆರೆಸಿಟ್ಟರೆ, ಪ್ರತಿಕಾಯವಿದ್ದಲ್ಲಿ ಮೇಲೆ ಕಟ್ಟುವ ಕೆನೆಯಲ್ಲಿ ಬಣ್ಣದ ಉಂಗುರ ಕಾಣುತ್ತದೆ. ಡೇರಿಯ ಕ್ಯಾನಿನಿಂದ ಒಂದಿಷ್ಟು ಹಾಲು ತೆಗೆದು ಒಂದಿಡೀ ಊರಿನ ಮೇಲೆ ಕಣ್ಣಿಡುವ ಅಗ್ಗದ ಉಪಾಯವಿದು.

ಗಂಟು ಕಟ್ಟಿಸುವ ಪ್ರತಿಕಾಯಗಳು ಹಿಡಿದುಕೊಳ್ಳುವುದು ಬ್ಯಾಕ್ಟೀರಿಯಾದ ಯಾವ ಭಾಗವನ್ನು? ಹೆಚ್ಚಿನ ಪಾಲು ಅದರ ಸಕ್ಕರೆ ಸರಪಳಿಯನ್ನೇ. 1984ರಲ್ಲಿ ಕೆನಡಾದ ಒಟ್ಟಾವಾದಲ್ಲಿ ಡೇವಿಡ್ ಬಂಡಲ್, ಮಾಲ್ಕಮ್ ಪೆರ‍್ರಿ ಮತ್ತು ಸಂಗಡಿಗರು ಇದರ ರಚನೆಯನ್ನು ಬಿಡಿಸಿ ನೋಡಿದರು. ಒಂದೇ ಬಗೆಯ ಸಕ್ಕರೆ, ಒಂದರ ಹಿಂದೊಂದು, ಸರಾಸರಿ 100ರ ಆಸುಪಾಸು. ಆ ಸಕ್ಕರೆಯ ಹೆಸರು ಎನ್-ಫಾರ್ಮಿಲ್ ಪೆರೋಸಮೈನ್. ಹಸುವಿನ ಮೈಯಲ್ಲಾಗಲಿ ನಮ್ಮ ಮೈಯಲ್ಲಾಗಲಿ ಈ ಸಕ್ಕರೆ ಇಲ್ಲ. ಹಾಗಾಗಿಯೇ ದೇಹ ಇದನ್ನು ಹೊರಗಿನದೆಂದು ಗುರುತು ಹಿಡಿದು ಧಾರಾಳವಾಗಿ ಪ್ರತಿಕಾಯ ಹುಟ್ಟಿಸುತ್ತದೆ.

ಬ್ರೂಸೆಲ್ಲಾ ಇದನ್ನು ಕಟ್ಟುವ ಬಗೆ ನಿಧಾನವಾಗಿ ನೋಡುವಂಥದ್ದು. ಕಚ್ಚಾ ಸಾಮಗ್ರಿ ಮ್ಯಾನೋಸ್, ಎಲ್ಲ ಜೀವಿಗಳಲ್ಲೂ ಇರುವ ಸಾಮಾನ್ಯ ಸಕ್ಕರೆ. ಬಿಡಿ ಮ್ಯಾನೋಸ್ ತಾನಾಗಿ ಯಾವುದಕ್ಕೂ ಅಂಟದು. ಜಿಡಿಪಿ ಎಂಬ ಅಣುವಿಗೆ ಕಟ್ಟಿ ಅದನ್ನು ಮೊದಲು ಹುರಿಗೊಳಿಸಬೇಕು. ಆಮೇಲೆ ಮೂರು ಕಿಣ್ವಗಳು ಸರದಿಯಂತೆ ಕೆಲಸ ಮಾಡುತ್ತವೆ. ಮೊದಲನೆಯದು ಮ್ಯಾನೋಸಿನಿಂದ ಒಂದು ನೀರಿನ ಅಣುವನ್ನು ಕಳಚಿ ಅದರ ರೂಪ ಬದಲಿಸುತ್ತದೆ. ಎರಡನೆಯದು ಪೆರೋಸಮೈನ್ ಸಿಂಥಟೇಸ್. ‘ಪರ್’ ಎಂಬ ಜೀನಿನಿಂದ ತಯಾರಾಗುವ ಈ ಕಿಣ್ವ ಗ್ಲುಟಮೇಟಿನಿಂದ ಸಾರಜನಕದ ಗುಂಪೊಂದನ್ನು ಕಿತ್ತು ಸಕ್ಕರೆಯ ನಾಲ್ಕನೇ ಇಂಗಾಲಕ್ಕೆ ಕೂಡಿಸುತ್ತದೆ. ‘ಪರ್’ ಎಂಬ ಹೆಸರು ನೆನಪಿರಲಿ, ಮುಂದೆ ಮತ್ತೆ ಬರುತ್ತದೆ. ಮೂರನೆಯ ಕಿಣ್ವ ಅದರ ಮೇಲೆ ಫಾರ್ಮಿಲ್ ಗುಂಪನ್ನು ಅಂಟಿಸುತ್ತದೆ. ಅಲ್ಲಿಗೆ ಒಂದು ಕೊಂಡಿ ಸಿದ್ಧ.

ಕೊಂಡಿಗಳನ್ನು ಪೋಣಿಸುವ ಕೆಲಸ ಒಳಪೊರೆಯ ಒಳಮೈಯಲ್ಲಿ ನಡೆಯುತ್ತದೆ. ಕಡೂರು ಬಸ್ ನಿಲ್ದಾಣದ ಹತ್ತಿರ ಹೂ ಕಟ್ಟುವವರನ್ನು ನೋಡಿದವರಿಗೆ ಇದು ಬೇಗ ಅರ್ಥವಾದೀತು: ದಾರದ ಒಂದು ತುದಿಯನ್ನು ಕಾಲ್ಬೆರಳಿಗೋ ಗೂಟಕ್ಕೋ ಸಿಕ್ಕಿಸಿ, ಇನ್ನೊಂದು ತುದಿಯಲ್ಲಿ ಹೂ ಸೇರಿಸುತ್ತ ಹೋಗುತ್ತಾರೆ. ಇಲ್ಲಿ ಗೂಟವಾಗಿರುವುದು ಬ್ಯಾಕ್ಟೋಪ್ರೆನಾಲ್ ಎಂಬ ಜಿಡ್ಡಿನ ಅಣು, 55 ಇಂಗಾಲಗಳ ಉದ್ದನೆಯ ಬಾಲ ಪೊರೆಯಲ್ಲಿ ಹೂತುಕೊಂಡಿರುತ್ತದೆ. ಅದರ ಮೇಲೆ ಮೊದಲು ಬೇರೆ ಬಗೆಯ ಒಂದು ಸಕ್ಕರೆ, ಅದರಾಚೆ ಪೆರೋಸಮೈನಿನ ಸಾಲು. ಸೇರಿಸುವ ಕಿಣ್ವಗಳೂ ಬೇರೆಬೇರೆ. ಒಂದೊಂದು ಕಿಣ್ವವೂ ತನಗೆ ಗೊತ್ತಿರುವ ಒಂದೇ ಜೋಡಣೆಯನ್ನು ಮಾಡುತ್ತದೆ. ಹಸುವಿನ ಬ್ರೂಸೆಲ್ಲಾದ ಸರಪಳಿಗೂ ಕುರಿ ಮೇಕೆಗಳ ಬ್ರೂಸೆಲ್ಲಾದ ಸರಪಳಿಗೂ ಇರುವ ವ್ಯತ್ಯಾಸ ಸಕ್ಕರೆಯದ್ದಲ್ಲ. ಅವುಗಳ ನಡುವಿನ ಕೀಲು ಯಾವ ಇಂಗಾಲದಲ್ಲಿದೆ ಎಂಬುದಷ್ಟೇ.

ಸರಪಳಿ ಪೂರ್ತಿಯಾದ ಮೇಲೆ ಅದನ್ನು ಹೊರಗೆ ಸಾಗಿಸಬೇಕು. ಒಳಪೊರೆಯಲ್ಲಿ ಒಂದು ಪಂಪು ಕೂತಿದೆ. ಎಟಿಪಿ ಇಂಧನ ಸುಟ್ಟು ಇಡೀ ಸರಪಳಿಯನ್ನು ಆಚೆಗೆ ದಾಟಿಸುತ್ತದೆ. ಅತ್ತ, ಲಿಪಿಡ್ ಎ ಎಂಬ ಕೊಬ್ಬಿನ ಬುಡ ಮತ್ತು ಅದಕ್ಕೆ ಹತ್ತಿದ ಚಿಕ್ಕ ಸಕ್ಕರೆಗುಚ್ಛ ಬೇರೆ ದಾರಿಯಲ್ಲಿ ತಯಾರಾಗಿ ಅದೇ ಜಾಗಕ್ಕೆ ಬಂದಿರುತ್ತವೆ. ಬೆಸೆಯುವ ಕಿಣ್ವವೊಂದು ಸರಪಳಿಯನ್ನು ಜಿಡ್ಡಿನ ಅಣುವಿನಿಂದ ಬಿಡಿಸಿ ಈ ಬುಡಕ್ಕೆ ಅಂಟಿಸುತ್ತದೆ. ಬಿಡುವಾದ ಜಿಡ್ಡಿನ ಅಣು ಮತ್ತೆ ಕೆಲಸಕ್ಕೆ ಹಿಂದಿರುಗುತ್ತದೆ. ಬೆಸೆದ ಅಣು ಪ್ರೋಟೀನುಗಳ ಸಾಲೊಂದನ್ನು ಹಿಡಿದು ಹೊರಪೊರೆಯನ್ನು ತಲುಪಿ, ಕೊಬ್ಬಿನ ಬುಡ ಊರಿಕೊಂಡು, ಸಕ್ಕರೆಯ ಭಾಗವನ್ನು ಹೊರಗೆ ಚಾಚಿ ನಿಲ್ಲುತ್ತದೆ. ಒಂದು ಜೀವಕೋಶದ ಮೈಮೇಲೆ ಇಂಥವು ಲಕ್ಷಗಟ್ಟಲೆ.

ಇಷ್ಟೆಲ್ಲ ಖರ್ಚು ಯಾಕೆ ಮಾಡುತ್ತದೆ ಅಂದರೆ, ಮೈ ಕಾಯ್ದುಕೊಳ್ಳಲು. ರಕ್ತದಲ್ಲಿ ಬ್ಯಾಕ್ಟೀರಿಯಾದ ಪೊರೆಗೆ ತೂತು ಕೊರೆಯುವ ಪ್ರೋಟೀನುಗಳಿವೆ. ಉದ್ದನೆಯ ಸರಪಳಿಗಳು ಅವನ್ನು ಪೊರೆಯಿಂದ ದೂರವೇ ನಿಲ್ಲಿಸುತ್ತವೆ. ಜೊತೆಗೆ ಬ್ರೂಸೆಲ್ಲಾದ ಲಿಪಿಡ್ ಎ ಬಹಳ ಮೌನಿ. ಇತರ ಎಷ್ಟೋ ಬ್ಯಾಕ್ಟೀರಿಯಾಗಳ ಲಿಪಿಡ್ ಎ ಕಂಡೊಡನೆ ದೇಹ ಜ್ವರ ಏರಿಸಿ ಎಚ್ಚರಗೊಳ್ಳುತ್ತದೆ. ಇದರದ್ದು ಅಷ್ಟು ಸದ್ದು ಮಾಡುವುದಿಲ್ಲ. ಕಾವಲಿಗೆ ನಿಂತ ಬಿಳಿ ರಕ್ತಕಣಗಳ ಒಳಗೇ ಮನೆ ಮಾಡಿ ಬ್ರೂಸೆಲ್ಲಾ ಬೆಳೆಯುತ್ತದೆ. ಅಲ್ಲಿಂದ ಹಸುವಿನ ಗರ್ಭಕೋಶಕ್ಕೆ ಹೋದರೆ ಅದಕ್ಕೆ ಹಬ್ಬ. ಅಲ್ಲಿ ಎರಿಥ್ರಿಟಾಲ್ ಎಂಬ, ಸಕ್ಕರೆಯ ಜಾತಿಗೇ ಸೇರಿದ ವಸ್ತು ಹೇರಳ. ಗ್ಲೂಕೋಸ್ ಬಿಟ್ಟು ಬ್ರೂಸೆಲ್ಲಾ ಅದನ್ನೇ ತಿನ್ನುತ್ತದೆ.

ಸಕ್ಕರೆ ಹೊದ್ದು ಬರುವುದು ಬ್ರೂಸೆಲ್ಲಾ ಒಂದೇ ಅಲ್ಲ. ಮುಂಗಾರಿಗೆ ಮುನ್ನ ಲಸಿಕೆ ಹಾಕುವ ಗಳಲೆ ರೋಗದ ಪಾಶ್ಚುರೆಲ್ಲಾಕ್ಕೂ ಸಕ್ಕರೆಯ ದಪ್ಪ ಕವಚವಿದೆ. ಆ ಕುಲದ ‘ಎ’ ಬಗೆಯದಂತೂ ಪ್ರಾಣಿಯ ಕೀಲುಗಳಲ್ಲಿರುವ ಹೈಯಲುರೊನಿಕ್ ಆಮ್ಲವನ್ನೇ ತಯಾರಿಸಿ ಹೊದೆಯುತ್ತದೆ. ತನ್ನದೇ ಬಟ್ಟೆ ತೊಟ್ಟವನನ್ನು ದೇಹ ತಡೆಯುವುದಾದರೂ ಹೇಗೆ? ನೆರಡಿ ರೋಗದ ಬ್ಯಾಕ್ಟೀರಿಯಾ ಮಾತ್ರ ಬೇರೆ ದಾರಿ ಹಿಡಿದಿದೆ. ಅದರ ಕವಚ ಸಕ್ಕರೆಯದ್ದಲ್ಲ, ಗ್ಲುಟಾಮಿಕ್ ಆಮ್ಲದ ಸರ.

ಈಗ ರೈತನ ಪ್ರಶ್ನೆ. ಕರುಗಳಿಗೆ ಹಾಕುವ ಲಸಿಕೆಯ ಹೆಸರು ಎಸ್19. 1923ರಲ್ಲಿ ಅಮೆರಿಕದ ಜಾನ್ ಬಕ್ ಜರ್ಸಿ ಹಸುವೊಂದರ ಹಾಲಿನಿಂದ ಬೇರ್ಪಡಿಸಿದ ಬ್ರೂಸೆಲ್ಲಾ ಅದು. ಪ್ರಯೋಗಾಲಯದ ಮಾಮೂಲಿ ಉಷ್ಣತೆಯಲ್ಲಿ ವರ್ಷದ ಮಟ್ಟಿಗೆ ಬಿದ್ದುಕೊಂಡಿದ್ದು, ಮತ್ತೆ ತೆಗೆದು ನೋಡಿದಾಗ ತನ್ನ ಕಸುವು ಕಳೆದುಕೊಂಡಿತ್ತು. ಎರಿಥ್ರಿಟಾಲ್ ಜೀರ್ಣಿಸುವ ಜೀನುಗಳಲ್ಲಿ ಒಂದು ತುಂಡು ಅದರಲ್ಲಿ ಉದುರಿಹೋಗಿದೆಯೆಂದು ಬಹಳ ವರ್ಷಗಳ ಮೇಲೆ ತಿಳಿಯಿತು. ಕಸುವು ಹೋದರೂ ಹೊದಿಕೆ ಹೋಗಲಿಲ್ಲ. ಅದೇ ಪೆರೋಸಮೈನ್ ಸರಪಳಿ ಎಸ್19ರ ಮೈಮೇಲೆ ಪೂರ್ತಿಯಾಗಿದೆ. ಲಸಿಕೆ ಪಡೆದ ಕರುವಿನ ದೇಹ ಆ ಸರಪಳಿಗೆ ಪ್ರತಿಕಾಯ ಕಟ್ಟುತ್ತದೆ. ರೋಸ್ ಬೆಂಗಾಲ್ ಹುಡುಕುವುದೂ ಅದನ್ನೇ. ಗಾಜಿನ ಪಟ್ಟಿಯ ಮೇಲೆ ಲಸಿಕೆಯ ಪ್ರತಿಕಾಯಕ್ಕೂ ರೋಗದ ಪ್ರತಿಕಾಯಕ್ಕೂ ಭೇದ ಕಾಣುವುದಿಲ್ಲ.

4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಮಾತ್ರ, ಜೀವಮಾನದಲ್ಲಿ ಒಂದೇ ಸಲ ಎಂಬ ನಿಯಮ ಬಂದಿರುವುದಕ್ಕೆ ಇದೂ ಒಂದು ಕಾರಣ. ಎಳೆಯದರಲ್ಲಿ ಹಾಕಿದರೆ ಕಡಸು ಬೆದೆಗೆ ಬಂದು ಗಬ್ಬ ಕಟ್ಟುವ ಹೊತ್ತಿಗೆ ಬಹುಪಾಲು ಕರುಗಳಲ್ಲಿ ಪ್ರತಿಕಾಯ ಇಳಿದುಹೋಗಿರುತ್ತದೆ, ರಕ್ಷಣೆ ಉಳಿದಿರುತ್ತದೆ. ದೊಡ್ಡದಾದ ಮೇಲೆ ಹಾಕಿದರೆ ಪ್ರತಿಕಾಯ ಬಹುಕಾಲ ನಿಲ್ಲುತ್ತದೆ. ಗಬ್ಬದ ಹಸುವಿಗೆ ಹಾಕಿದರೆ ಲಸಿಕೆಯೇ ಕಂದು ಹಾಕಿಸಬಹುದು. ಹೋರಿಗಳಿಗೆ ಹಾಕುವಂತೆಯೇ ಇಲ್ಲ, ವೃಷಣದಲ್ಲಿ ಬಾವು ಬರುವ ಅಪಾಯವಿದೆ. 2019ರ ಸೆಪ್ಟೆಂಬರಿನಲ್ಲಿ ಮಥುರಾದಲ್ಲಿ ಚಾಲನೆ ಪಡೆದ ರಾಷ್ಟ್ರೀಯ ಕಾರ್ಯಕ್ರಮ ಕಾಲುಬಾಯಿ ಜ್ವರದ ಜೊತೆ ಕಂದು ರೋಗವನ್ನೂ ಹಿಡಿದುಕೊಂಡದ್ದು ಈ ಲಸಿಕೆಯನ್ನು ನಂಬಿಯೇ. ಐದು ವರ್ಷಕ್ಕೆ ಅದಕ್ಕೆ ಮಂಜೂರಾದದ್ದು 13,343 ಕೋಟಿ ರೂಪಾಯಿ.

ಸರಪಳಿಯೇ ತೊಡಕಾದರೆ ಸರಪಳಿ ಇಲ್ಲದ ಲಸಿಕೆ ಮಾಡಬಾರದೇಕೆ? ಅಮೆರಿಕದ ವರ್ಜೀನಿಯಾದಲ್ಲಿ ಗೆರ್ಹಾರ್ಟ್ ಶುರಿಗ್ ಮತ್ತು ಸಂಗಡಿಗರು ಹಾಗೇ ಮಾಡಿದರು. ಅವರ ಆರ್‌ಬಿ51 ತಳಿಯಲ್ಲಿ ಸಕ್ಕರೆ ಪೋಣಿಸುವ ಒಂದು ಕಿಣ್ವದ ಜೀನು ನಡುವೆ ಮುರಿದಿದೆ. ಮೈ ಬೋಳು. 1996ರಿಂದ ಅಮೆರಿಕ ಅದನ್ನೇ ಬಳಸುತ್ತಿದೆ, ಲಸಿಕೆ ಪಡೆದ ಹಸು ಪರೀಕ್ಷೆಯಲ್ಲಿ ನೆಗೆಟಿವ್ ಆಗಿಯೇ ಉಳಿಯುತ್ತದೆ. ಆದರೆ ಆ ತಳಿಯನ್ನು ಬೆಳೆಸುವಾಗ ರಿಫಾಂಪಿಸಿನ್ ಔಷಧಿಯಲ್ಲಿ ಪಳಗಿಸಿದ್ದರಿಂದ ಅದು ಆ ಔಷಧಿಗೆ ಜಗ್ಗುವುದಿಲ್ಲ. ಮನುಷ್ಯರ ಕಂದು ಜ್ವರಕ್ಕೆ ಡಾಕ್ಸಿಸೈಕ್ಲಿನ್ ಜೊತೆ ಆರು ವಾರ ಕೊಡುವ ಮುಖ್ಯ ಔಷಧಿಗಳಲ್ಲಿ ರಿಫಾಂಪಿಸಿನ್ ಒಂದು. 2017ರ ನಂತರ ಅಮೆರಿಕದಲ್ಲಿ ಹಸಿ ಹಾಲು ಕುಡಿದ ಕೆಲವರಿಗೆ ಈ ಲಸಿಕೆಯ ತಳಿಯೇ ತಗುಲಿದ್ದೂ ಉಂಟು. ಹಸಿ ಹಾಲಿನ ಮೋಹ ಅಲ್ಲೂ ಕಡಿಮೆಯಿಲ್ಲ.

ನಮ್ಮ ದೇಶದ ಪ್ರಯತ್ನ ಇನ್ನೊಂದು ದಾರಿಯದು. ಇಜ್ಜತ್‌ನಗರದ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯವರು ಎಸ್19ನ್ನೇ ತೆಗೆದುಕೊಂಡು ಅದರಿಂದ ‘ಪರ್’ ಜೀನನ್ನು ಕತ್ತರಿಸಿದ್ದಾರೆ. ಸಾರಜನಕ ಕೂಡಿಸುವ ಎರಡನೆಯ ಕಿಣ್ವ ಇಲ್ಲದಾದ ಮೇಲೆ ಪೆರೋಸಮೈನ್ ತಯಾರಾಗದು, ಸರಪಳಿ ಸಹಜ ರೂಪಕ್ಕೆ ಬಾರದು. ಲಸಿಕೆಯ ಗುರುತನ್ನೂ ರೋಗದ ಗುರುತನ್ನೂ ಬೇರೆ ಮಾಡುವುದು ಇದರ ಉದ್ದೇಶ. ವರ್ಷಗಟ್ಟಲೆ ಪುಸ್ತಕದಲ್ಲಿದ್ದ ಒಂದು ಕಿಣ್ವದ ಹೆಸರು ಕೊಟ್ಟಿಗೆಯ ಮಾತಾಗಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ.

ಗೊಂದಲಕ್ಕೆ ಇನ್ನೂ ಒಂದು ಮೂಲವಿದೆ. ಯೆರ್ಸಿನಿಯಾ ಎಂಟರೊಕೊಲಿಟಿಕಾ ಎಂಬ ಕರುಳಿನ ಬ್ಯಾಕ್ಟೀರಿಯಾದ ‘ಓ9’ ಬಗೆ, ಬ್ರೂಸೆಲ್ಲಾಕ್ಕೆ ನೆಂಟನೂ ಅಲ್ಲ, ಇಷ್ಟನೂ ಅಲ್ಲ. ಆದರೂ ಅದರ ಮೈಮೇಲಿರುವುದು ಅದೇ ಪೆರೋಸಮೈನ್ ಸರಪಳಿ. ಅದು ಹೊಟ್ಟೆಗೆ ಹೋದ ಹಸುವೂ ಪರೀಕ್ಷೆಯಲ್ಲಿ ಗುಲಾಬಿ ಗಂಟು ತೋರಿಸಬಲ್ಲದು. ಬಂಡಲ್ ಮತ್ತು ಇತರರು ಮುಂದೆ ಪ್ರಯೋಗಾಲಯದಲ್ಲೇ ನಾಲ್ಕಾರು ಕೊಂಡಿಗಳ ಚಿಕ್ಕ ಸರಪಳಿಗಳನ್ನು ಕಟ್ಟಿ, ಎರಡನ್ನೂ ಬೇರೆ ಮಾಡುವ ಪರೀಕ್ಷೆಗಳತ್ತ ಹೆಜ್ಜೆ ಇಟ್ಟರು. ಹಳ್ಳಿಯ ಆಸ್ಪತ್ರೆಗೆ ಅವು ಬರಲು ಸಮಯ ಹಿಡಿದೀತು.

ಅಲ್ಲಿಯವರೆಗೆ? ಕರುವಿನ ಕಿವಿಯಲ್ಲಿರುವ ಹನ್ನೆರಡು ಅಂಕೆಯ ಕಿವಿಯೋಲೆಯೇ ಆಸರೆ. ಯಾವ ತಿಂಗಳಲ್ಲಿ ಲಸಿಕೆ ಬಿತ್ತು ಎಂಬುದು ಅದರ ಹೆಸರಿನಲ್ಲಿ ದಾಖಲಾಗಿದ್ದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಒಂದು ವರ್ಷದ ಕಡಸು ಪಾಸಿಟಿವ್ ಬಂದು, ಲಸಿಕೆಯ ದಾಖಲೆಯೂ ಇದ್ದರೆ ಗಾಬರಿ ಬೇಡ. ಎರಡು ವರ್ಷ ದಾಟಿದ ಹಸು ಪಾಸಿಟಿವ್ ಬಂದರೆ ಲಸಿಕೆಯ ಮೇಲೆ ಹೊರಿಸಿ ಸುಮ್ಮನಾಗುವುದು ಸರಿಯಲ್ಲ. ಕೆಲವು ವಾರ ಬಿಟ್ಟು ಮತ್ತೆ ರಕ್ತ ಕೊಡಬೇಕು, ಎಲೈಸಾ ಪರೀಕ್ಷೆ ಮಾಡಿಸಬೇಕು. ಯಲಹಂಕದ ನಿವೇದಿ ಸಂಸ್ಥೆ ಕಂದು ರೋಗಕ್ಕೆಂದೇ ಎಲೈಸಾ ಕಿಟ್ಟುಗಳನ್ನು ರೂಪಿಸಿದೆ. ಇದರ ತಿರುವು ಮುರುವೂ ಗೊತ್ತಿರಬೇಕು: ಕಂದು ಹಾಕಿದ ದಿನವೇ ತೆಗೆದ ರಕ್ತ ಕೆಲವೊಮ್ಮೆ ನೆಗೆಟಿವ್ ತೋರಿಸುತ್ತದೆ, ಎರಡು ಮೂರು ವಾರದ ಮೇಲೆ ತೆಗೆದದ್ದು ನಿಜ ಹೇಳುತ್ತದೆ.

ಕಷ್ಟವಿರುವುದು ಇದರ ಮುಂದೆ. ಆಸ್ಟ್ರೇಲಿಯಾ ಪಾಸಿಟಿವ್ ಬಂದ ದನಗಳನ್ನೆಲ್ಲ ಕಡಿದು, ಮಾಲೀಕರಿಗೆ ಪರಿಹಾರ ಕೊಟ್ಟು, 1989ರಲ್ಲಿ ದನಗಳ ಕಂದು ರೋಗ ತೊಲಗಿತೆಂದು ಸಾರಿತು. ಇಲ್ಲಿ ಅದು ಆಗದ ಮಾತು. ಪಾಸಿಟಿವ್ ಬಂದ ಹಸುವನ್ನು ಇಟ್ಟುಕೊಂಡರೆ ಉಳಿದವಕ್ಕೆ ಭಯ, ಮಾರಿದರೆ ಕೊಂಡವನ ಕೊಟ್ಟಿಗೆಗೆ ರೋಗ. ಮನೆಯಲ್ಲಿ ತುಟಿ ಬಿಗಿದು ಮುಂದಿನ ಸಂತೆಗೆ ಹೊಡೆದುಬಿಡುವವರನ್ನು ಬೈಯುವುದು ಸುಲಭ. ಎಪ್ಪತ್ತು ಎಂಬತ್ತು ಸಾವಿರ ಕೊಟ್ಟು ತಂದ ಹಸುವಿಗೆ ಪರಿಹಾರದ ದಾರಿ ತೋರಿಸದೆ ಬೈದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ.

ಕಡೂರಿನ ಕುರಿಗಾಹಿಗಳ ವಿಷಯ ಇನ್ನೂ ಬೇರೆ. ಎಸ್19 ದನ ಎಮ್ಮೆಗಳ ಲಸಿಕೆ. ಕುರಿಗಳಿಗೆ ಬರುವ ಬ್ರೂಸೆಲ್ಲಾ ಮೆಲಿಟೆನ್ಸಿಸ್ ಮನುಷ್ಯರಿಗೆ ಎಲ್ಲಕ್ಕಿಂತ ಉಗ್ರವಾದದ್ದು. ಮರಿ ಹಾಕಿಸುವಾಗ ಬರಿಗೈಯಲ್ಲೇ ಕಸ ತೆಗೆಯುವವರಿಗೆ, ಅದೇ ಕೈಯಲ್ಲಿ ಬೀಡಿ ಹಚ್ಚುವವರಿಗೆ ಜ್ವರ ಬಂದು ಹೋಗಿ ಬಂದು ಹೋಗಿ, ಸಂಜೆ ಹೊತ್ತು ಬೆವರು, ಸೊಂಟ ಹಿಡಿಯುವುದು, ಗಂಡಸರಲ್ಲಿ ವೃಷಣ ಊದುವುದು ಕಾಣಿಸಬಹುದು. ಪಟ್ಟಣದ ಆಸ್ಪತ್ರೆಯಲ್ಲಿ ಟೈಫಾಯ್ಡ್, ಮಲೇರಿಯಾ ಎಲ್ಲ ನೋಡಿ ಆಗುತ್ತದೆ. ಮನೆಯಲ್ಲಿ ಕುರಿ ದನ ಇವೆಯೇ, ಈಚೆಗೆ ಯಾವುದಾದರೂ ಕಂದು ಹಾಕಿತೇ ಎಂದು ಡಾಕ್ಟರು ಕೇಳದಿದ್ದರೆ ರೋಗಿಯೇ ಬಾಯಿಬಿಟ್ಟು ಹೇಳಬೇಕು. ಕಂದು ಹಾಕಿದ್ದನ್ನು ಕೈಗವಸು ಹಾಕಿ ತೆಗೆದು, ಸುಣ್ಣ ಸುರಿದು ಆಳಕ್ಕೆ ಹೂಳಬೇಕು, ನಾಯಿಗೆ ಎಸೆಯಬಾರದು. ಹಾಲು ಕಾಯಿಸಿದರೆ ಸಾಕು, ರೋಗಾಣು ಸಾಯುತ್ತದೆ. ಆವಿಯಲ್ಲಿ ಚೆನ್ನಾಗಿ ಬೆಂದ ಗಿಣ್ಣಿಗೂ ಹೆದರಬೇಕಿಲ್ಲ.